ಕಳುವಾದ ಕಿಟಕಿ ಚಿಲಕ

ಡಬ್ಬಿ ಇತ್ತು. ಡಬ್ಬಿಯೊಳಗೆ ಇರಬೇಕಾದದ್ದು ಇರಲಿಲ್ಲ.

ಏಳುನೂರ ಹದಿನಾಲ್ಕನೇ ಕೋಣೆಯ ಮೇಜಿನ ಮೇಲೆ, ಏನೂ ಅರಿಯದ ಸಂಭಾವಿತನಂತೆ, ಮುಚ್ಚಳ ಮುಚ್ಚಿಕೊಂಡೇ ಅದು ಕುಳಿತಿತ್ತು. ತೆರೆದು ನೋಡಿದಾಕೆಗೆ ಕಂಡದ್ದು ಸ್ಪಂಜಿನಲ್ಲಿ ಕೊರೆದ ಅಂಗೈ ಅಗಲದ ಗುಳಿ. ಬರಿದಾದ ಗುಳಿ. ಆಕೆ ಕೂಗಲಿಲ್ಲ. ಮೂರು ವರ್ಷದ ಮಗಳನ್ನು ಎತ್ತಿಕೊಂಡು ಕಾರಿಡಾರಿಗೆ ಬಂದಳು. ಎದುರಿಗೆ ಸಿಕ್ಕ ಇಬ್ಬರು ಹೆಂಗಸರಿಗೆ, "ನನ್ನ ಚಿಲಕ ಹೋಯಿತು" ಎಂದಳು.

"ಅಯ್ಯೋ, ಚಿಲಕ ಹೋದರೆ ಯಾಕಮ್ಮ ಇಷ್ಟು ಗಾಬರಿ? ಬಡಗಿ ಬಂದು ಹಾಕ್ತಾನೆ," ಎಂದಳು ಇಬ್ಬರಲ್ಲಿ ಹಿರಿಯಳು.

"ಅತ್ತೆ, ಸ್ವಲ್ಪ ಸುಮ್ಮನಿರಿ," ಎಂದಳು ಕಿರಿಯಳು. ಹಾಗೆ ಹೇಳಿ ಹದಿನಾಲ್ಕರ ಬಾಗಿಲಿನಿಂದ ಒಳಗಿಣುಕಿದಳು.

ಈ ಸೊಸೆಯ ಉದ್ಯೋಗ ಹೋಟೆಲುಗಳಲ್ಲಿ ತಂಗುವುದು. ಮಕ್ಕಳೊಂದಿಗೆ ತಂಗಲು ತಕ್ಕ ಹೋಟೆಲುಗಳು ಯಾವುವು ಎಂದು ಪ್ರವಾಸಿ ಪತ್ರಿಕೆಯೊಂದು ವರ್ಷಕ್ಕೊಮ್ಮೆ ಪಟ್ಟಿ ಪ್ರಕಟಿಸುತ್ತಿತ್ತು. ಆ ಪಟ್ಟಿ ಸಿದ್ಧವಾಗುತ್ತಿದ್ದದ್ದು ಈಕೆಯ ಕೈಯಲ್ಲಿ. ಅರವತ್ತೆರಡು ಪ್ರಶ್ನೆಗಳು. ಮೆಟ್ಟಿಲಿನ ಎತ್ತರ, ಸ್ನಾನದ ನೀರಿನ ಬಿಸಿ, ಮಂಚದ ಸಂದು, ಕಿಟಕಿಯ ಅಂತರ. ಹೋಟೆಲಿನವರು ಈಕೆಗೆ ಇಟ್ಟ ಹೆಸರು ಪಟ್ಟಿಯಮ್ಮ. ಸ್ವಂತ ಮಕ್ಕಳು ದೊಡ್ಡವರಾದ ಮೇಲೆ ಜತೆಗೆ ಅತ್ತೆಯನ್ನು ಕರೆದೊಯ್ಯುತ್ತಿದ್ದಳು. ಮುದುಕಿಯ ಮೊಣಕಾಲಿಗೆ ಒಗ್ಗಿದ ಮೆಟ್ಟಿಲು ಮಗುವಿನ ಕಾಲಿಗೂ ಒಗ್ಗುತ್ತದೆ ಎಂಬುದು ಆಕೆಯ ಅನುಭವ. ತಾವು ಯಾರೆಂದು ಹೋಟೆಲಿನವರಿಗೆ ತಿಳಿಯಬಾರದೆಂಬ ನಿಯಮವಿತ್ತು. ಆದರೆ ಆ ಗುಟ್ಟು ಅತ್ತೆಯ ಬಾಯಲ್ಲಿ ಒಂದು ಲಿಫ್ಟ್ ಪ್ರಯಾಣದಷ್ಟು ಹೊತ್ತೂ ಉಳಿಯುತ್ತಿರಲಿಲ್ಲ.

ಹೀಗಾಗಿ ಐದೇ ನಿಮಿಷದಲ್ಲಿ ಮ್ಯಾನೇಜರು ಓಡಿ ಬಂದ. ಬಂದವನು ಕಳಕೊಂಡಾಕೆಯ ಮುಖ ನೋಡುವ ಮೊದಲು ಪಟ್ಟಿಯಮ್ಮನ ಮುಖ ನೋಡಿದ.

"ಮೇಡಂ, ಇಂಥದ್ದು ನಮ್ಮಲ್ಲಿ ಯಾವತ್ತೂ ಆಗಿಲ್ಲ."

"ಇವತ್ತು ಆಗಿದೆಯಲ್ಲಪ್ಪ," ಎಂದಳು ಅತ್ತೆ.

*

ಕಳುವಾದದ್ದು ಅಂತಿಂಥ ಚಿಲಕವಲ್ಲ. ಕಳಕೊಂಡಾಕೆ ಮಕ್ಕಳ ಸಾಮಾನುಗಳ ವಿನ್ಯಾಸಕಿ. ದೊಡ್ಡವರ ಕೈಗೆ ಸಲೀಸಾಗಿ ಬಿಚ್ಚಿಕೊಳ್ಳುವ, ಮಗು ಎಷ್ಟು ಎಳೆದರೂ ಜಗ್ಗದ ಕಿಟಕಿ ಚಿಲಕವೊಂದನ್ನು ಆಕೆ ಮಾಡಿದ್ದಳು. ಲೋಕದಲ್ಲಿ ಅದರ ಮಾದರಿ ಇದ್ದದ್ದು ಒಂದೇ. ಸೋಮವಾರ ಬೆಳಗ್ಗೆ ಎದುರಿನ ಗೋಪುರದ ಕಂಪನಿಯೊಂದರಲ್ಲಿ ಅದನ್ನು ತೋರಿಸಬೇಕಿತ್ತು.

"ಬೆಳಗ್ಗೆ ಒಂಬತ್ತೂ ಕಾಲಿಗೆ ಮಗಳನ್ನ ಕರ್ಕೊಂಡು ಎರಡನೇ ಮಹಡಿಯ ಆಟದ ಕೋಣೆಗೆ ಹೋದೆ. ಹನ್ನೊಂದಕ್ಕೆ ವಾಪಸು ಬಂದೆ. ಅಷ್ಟೇ."

ಮ್ಯಾನೇಜರು ಬೀಗದ ದಾಖಲೆ ತರಿಸಿದ. ಹದಿನಾಲ್ಕರ ಬಾಗಿಲಿಗೆ ಕಾರ್ಡು ತಾಗಿಸಿ ಒಳಗೆ ಹೋದವರ ಲೆಕ್ಕ ಅದರಲ್ಲಿತ್ತು. ಒಂಬತ್ತು ನಲವತ್ತಕ್ಕೆ ಕೋಣೆ ಗುಡಿಸುವಾಕೆ. ಹನ್ನೊಂದಕ್ಕೆ ವಿನ್ಯಾಸಕಿ. ನಡುವೆ ನರಪಿಳ್ಳೆಯೂ ಇಲ್ಲ. ಕಾರಿಡಾರಿನ ಕ್ಯಾಮೆರಾ ಲಿಫ್ಟಿನ ಬಾಗಿಲನ್ನಷ್ಟೇ ನೋಡುತ್ತಿತ್ತು. ಹೊರಗಿನವರಾರೂ ಏಳನೇ ಮಹಡಿಗೆ ಬಂದಿರಲಿಲ್ಲ.

ಗುಡಿಸುವಾಕೆಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಆಳೆತ್ತರದ ಲೋಕದಲ್ಲಿ ಭುಜದೆತ್ತರದ ಹೆಂಗಸು. ಆಕೆಯ ಚೀಲವನ್ನು ಸ್ವಾಗತದ ಮೇಜಿನ ಮೇಲೆ, ಹೋಗಿ ಬರುವವರೆಲ್ಲ ನೋಡುತ್ತಿರುವಂತೆಯೇ ಕವುಚಲಾಯಿತು. ಒಂದು ಬಾಚಣಿಗೆ, ಊಟದ ಡಬ್ಬಿ, ಮಗಳ ಶಾಲೆಯ ಗುರುತಿನ ಫೋಟೊ. ಚಿಲಕವಿಲ್ಲ.

"ಎಲ್ಲೋ ದಾಟಿಸಿದ್ದಾಳೆ," ಎಂದ ಮ್ಯಾನೇಜರು. ಆಕೆಯ ಕಾರ್ಡನ್ನು ಕಿತ್ತುಕೊಂಡ. "ಎರಡು ಗಂಟೆವರೆಗೆ ಟೈಮು. ತಂದುಕೊಟ್ಟರೆ ಸರಿ. ಇಲ್ಲಾಂದ್ರೆ ಪೊಲೀಸರಿಗೆ ದೂರು."

ದೂರಿನಲ್ಲಿ ಒಮ್ಮೆ ಹೆಸರು ಬಿದ್ದರೆ ಈ ಬೀದಿಯ ಇಪ್ಪತ್ತು ಹೋಟೆಲುಗಳಲ್ಲಿ ಒಂದೂ ಆಕೆಯನ್ನು ಒಳಗೆ ಬಿಟ್ಟುಕೊಳ್ಳದು. ಇದು ಗುಬ್ಬಿಗೆ ಗೊತ್ತಿತ್ತು. ಪಟ್ಟಿಯಮ್ಮನಿಗೂ ಗೊತ್ತಿತ್ತು.

"ನಾನು ತಗೊಂಡಿಲ್ಲ ಅಮ್ಮಾ," ಎಂದಳು ಗುಬ್ಬಿ, ಪಟ್ಟಿಯಮ್ಮನ ಕಡೆ ತಿರುಗಿ. "ಅದು ಏನು ಅನ್ನೋದೇ ನನಗೆ ಗೊತ್ತಿಲ್ಲ. ಡಬ್ಬಿ ಒರೆಸಿದೆ. ಅಲ್ಲೇ ಇಟ್ಟೆ."

"ಸೊಸೇ," ಎಂದು ಅತ್ತೆ ಪಿಸುಗುಟ್ಟಿದಳು, "ಈ ಹೋಟೆಲಿನವರು ಮಗುವಿಗೆ ಹಾಸೋ ಹಾಸಿಗೆ ನೋಡಿದೆ. ಕೆಲಸದವಳಿಗೆ ಹಾಸೋ ಹಾಸಿಗೇನೂ ನೋಡ್ಕೋ."

*

ಪಟ್ಟಿಯಮ್ಮ ಹದಿನಾಲ್ಕನೇ ಕೋಣೆಯನ್ನು ತನ್ನ ಕಾಗದ ಹಿಡಿದೇ ಪರಿಶೀಲಿಸಿದಳು. ಅಭ್ಯಾಸಬಲ.

ಹೋಟೆಲಿನ ಸುತ್ತ ಇದ್ದದ್ದೆಲ್ಲ ಕಚೇರಿಗಳ ಗಾಜಿನ ಗೋಪುರಗಳೇ. ವಾರದ ಐದು ದಿನ ಇಲ್ಲಿ ಟೈ ಕಟ್ಟಿದವರ ರಾಜ್ಯ. ಶುಕ್ರವಾರ ಸಂಜೆ ಗೋಪುರಗಳು ಬರಿದಾದರೆ ಹೋಟೆಲೂ ಬರಿದು. ಅದಕ್ಕೇ ಪ್ರತಿ ಶುಕ್ರವಾರ ಏಳನೇ ಮಹಡಿ ವೇಷ ಬದಲಿಸಿ ಸಂಸಾರಸ್ಥರಿಗೆ ಬಾಗಿಲು ತೆರೆಯುತ್ತಿತ್ತು. ಗಾಜಿನ ಲೋಟಗಳು ಕಪಾಟಿಗೆ ಹೋಗುತ್ತಿದ್ದವು. ಮೇಜಿನ ಮೂಲೆಗಳಿಗೆ ರಬ್ಬರು, ಪ್ಲಗ್ಗಿನ ತೂತುಗಳಿಗೆ ಮುಚ್ಚಳ, ಬೋಲ್ಟುಗಳಿಗೆ ಪ್ಲಾಸ್ಟಿಕ್ ಟೋಪಿ. ಕಿಟಕಿಯ ಪರದೆಯನ್ನು ಎತ್ತಿ ಇಳಿಸುವ ದಾರ ಮಗುವಿನ ಕೊರಳಿಗೆ ಸುತ್ತಿಕೊಳ್ಳದಂತೆ ಎತ್ತರದ ಕೊಕ್ಕೆಗೆ. ಸೋಮವಾರ ಎಲ್ಲವೂ ಹಿಂದಿನಂತೆ.

ಈ ವೇಷಾಂತರದ ಸೂತ್ರಧಾರ ಮಕ್ಕಳ ಮೇಷ್ಟ್ರು. ಹೆಸರಿಗೆ ಮೇಷ್ಟ್ರು, ಕೆಲಸಕ್ಕೆ ಕುಟುಂಬ ವಿಭಾಗದ ಮೇಲ್ವಿಚಾರಕ. ಉದ್ದ ಕೈ, ಮೆಲು ಮಾತು, ಜತೆಗೊಂದು ಸಲಕರಣೆ ಚೀಲ. ಹಿಂದಿನ ಸಂಜೆ ಹದಿನಾಲ್ಕಕ್ಕೆ ಮಗುವಿನ ಮಂಚ ಹಾಕಿದ್ದವನೂ ಅವನೇ. ಹದಿನೈದು ವರ್ಷಗಳ ತಿರುಗಾಟದಲ್ಲಿ ಮಕ್ಕಳ ಬಗ್ಗೆ ಇಷ್ಟು ಕಾಳಜಿಯ ಇನ್ನೊಬ್ಬನನ್ನು ಪಟ್ಟಿಯಮ್ಮ ಕಂಡಿರಲಿಲ್ಲ. ಅರವತ್ತೆರಡು ಪ್ರಶ್ನೆಗಳಲ್ಲಿ ಅರವತ್ತಕ್ಕೆ ಆಗಲೇ ಗೀಟು ಹಾಕಿದ್ದಳು. ಈ ಸಲ ಪಟ್ಟಿಯ ತಲೆಯ ಮೇಲೆ ಈ ಹೋಟೆಲೇ ಎಂದು ಶುಕ್ರವಾರವೇ ನಿಶ್ಚಯಿಸಿಬಿಟ್ಟಿದ್ದಳು.

"ಪಕ್ಕದ ಹದಿನೈದನೇ ಕೋಣೆಗೆ ಇಲ್ಲಿಂದ ನಡುಬಾಗಿಲು ಇದೆಯಲ್ಲ?" ಎಂದು ಕೇಳಿದಳು.

"ಇದೆ," ಎಂದ ಮೇಷ್ಟ್ರು. "ದೊಡ್ಡ ಸಂಸಾರ ಬಂದರೆ ಎರಡೂ ಕೋಣೆ ಸೇರಿಸಿ ಕೊಡ್ತೀವಿ. ಆದರೆ ಆ ಕಡೆ ಒಂದು ಕದ, ಈ ಕಡೆ ಒಂದು ಕದ. ಈ ಕಡೆಯ ಬೋಲ್ಟು ಹಾಕಿದ್ದರೆ ಆ ಕಡೆಯಿಂದ ದೇವರು ಬಂದರೂ ತೆರೆಯೋಲ್ಲ."

ಪಟ್ಟಿಯಮ್ಮ ಪ್ಲಾಸ್ಟಿಕ್ ಟೋಪಿ ತೆಗೆದು ನೋಡಿದಳು. ಬೋಲ್ಟು ಭದ್ರವಾಗಿತ್ತು.

"ಪಾಪ ಗುಬ್ಬಿ," ಎಂದ ಮೇಷ್ಟ್ರು ತಲೆ ತಗ್ಗಿಸಿ. "ಕೆಟ್ಟವಳಲ್ಲ."

*

ಹನ್ನೊಂದನೇ ಕೋಣೆಯಲ್ಲಿ ಊರಿಗೆ ಮರಳದೆ ಉಳಿದಿದ್ದ ಒಬ್ಬ ಟೈ ಸಾಹೇಬನಿದ್ದ. ಮಕ್ಕಳ ಗಲಾಟೆಗೆ ಮೂರು ಸಲ ದೂರು ಕೊಟ್ಟಿದ್ದ. ಶುಕ್ರವಾರ ಲಿಫ್ಟಿನಲ್ಲಿ ವಿನ್ಯಾಸಕಿಯ ಡಬ್ಬಿಯಲ್ಲಿ ಏನಿದೆ ಎಂದು ವಿಚಾರಿಸಿದ್ದ. ಈಗ ಉಬ್ಬಿದ ಚೀಲ ಹಿಡಿದು ಸರಸರನೆ ಹೊರಟಿದ್ದ.

ಪಟ್ಟಿಯಮ್ಮ ಯಾವ ಉಪಾಯದಿಂದ ಚೀಲ ನೋಡಲಿ ಎಂದು ಯೋಚಿಸುತ್ತಿರುವಾಗಲೇ ಅತ್ತೆ ಲಿಫ್ಟಿನಲ್ಲಿ ಮುಗ್ಗರಿಸಿದಳು. ಮುಗ್ಗರಿಸಿ ಚೀಲದ ಮೇಲೆಯೇ ಬಿದ್ದಳು.

"ಆಹಾ, ಏನು ಮೆತ್ತಗಿದೆ! ದಿಂಬೇನಪ್ಪ ಇದು?"

ಟೈ ಸಾಹೇಬ ಕೆಂಪಾದ. "ಬೇರೆ ದಿಂಬಿನಲ್ಲಿ ನನಗೆ ಕತ್ತು ನೋವು ಬರುತ್ತಮ್ಮ."

"ಹೋಟೆಲಿನದೋ?"

"ದಯವಿಟ್ಟು ಹೇಳಬೇಡಿ."

"ನಾನ್ಯಾಕೆ ಹೇಳಲಿ?" ಎಂದ ಅತ್ತೆ ಕೆಳಗಿಳಿಯುತ್ತಲೇ ಸ್ವಾಗತದ ಹುಡುಗಿಗೆ ಹೇಳಿಬಿಟ್ಟಳು. ಚೀಲದಲ್ಲಿ ಚಿಲಕವಿರಲಿಲ್ಲ. ದಿಂಬಿನೊಡನೆ ಸಿಕ್ಕದ್ದು ಎರಡು ಟವೆಲು. ಆತ ಬೆಳಗ್ಗೆ ಒಂಬತ್ತರಿಂದ ಹನ್ನೊಂದೂವರೆಯವರೆಗೆ ಊಟದ ಹಾಲಿನಲ್ಲೇ ಕುಳಿತಿದ್ದನೆಂದು ಬಡಿಸುವವರು ಸಾಕ್ಷಿ ನುಡಿದರು.

ಹನ್ನೆರಡೂ ಕಾಲು. ಹಿಡಿದ ದಾರಿ ಗೋಡೆಗೆ ಹೋಗಿ ನಿಂತಿತ್ತು.

*

ಗುಬ್ಬಿ ಹಿಂಬಾಗಿಲ ಬಳಿ, ಸಾಬೂನಿನ ಪೆಟ್ಟಿಗೆಗಳ ಮೇಲೆ ಕುಳಿತಿದ್ದಳು. ಕಣ್ಣು ಒಣಗಿತ್ತು. ಅತ್ತು ಪ್ರಯೋಜನವಿಲ್ಲವೆಂದು ಬಲ್ಲವರ ಕಣ್ಣು.

"ಆ ಕೋಣೇಲಿ ನೀನು ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳು," ಎಂದಳು ಪಟ್ಟಿಯಮ್ಮ. "ಏನೂ ಬಿಡಬೇಡ."

"ಹಾಸಿಗೆ ಸರಿ ಮಾಡಿದೆ. ಬಚ್ಚಲು ತೊಳೆದೆ. ಮೇಜು ಒರೆಸಿದೆ. ಪರದೆ ಅರ್ಧಕ್ಕೆ ಇಳಿದಿತ್ತು, ಎತ್ತಿದೆ. ದಾರಾನ ಸೋಫಾದ ಹಿಂದೆ ತುರುಕಿದೆ. ಹತ್ತು ಗಂಟೆಗೆ ಹೊರಗೆ ಬಂದೆ."

"ದಾರ ಕೊಕ್ಕೆಗೆ ಸುತ್ತಬೇಕಲ್ವಾ?"

"ಸುತ್ತಬೇಕು. ಕೈ ಎಟುಕಬೇಕಲ್ಲಮ್ಮಾ? ಕುರ್ಚಿ ಹತ್ತಿದರೆ ಬೈತಾರೆ, ಹತ್ತದಿದ್ದರೂ ಬೈತಾರೆ. ಸೋಫಾದ ಹಿಂದೆ ಹಾಕಿದ್ದಕ್ಕೆ ಮೇಷ್ಟ್ರು ದಿನಾ ಗೊಣಗ್ತಾರೆ."

ಪಟ್ಟಿಯಮ್ಮ ತನ್ನ ಕಾಗದ ಬಿಡಿಸಿದಳು. ಹದಿನಾಲ್ಕರ ದಾರ ಈಗ ಎಲ್ಲಿದೆ? ಆಕೆಯ ಕಾಗದದಲ್ಲೇ ಇತ್ತು ಉತ್ತರ. ಹನ್ನೊಂದಾದ ಮೇಲೆ ಆಕೆಯೇ ಗೀಟು ಹಾಕಿದ್ದಳು. ದಾರ ಎತ್ತರದ ಕೊಕ್ಕೆಯಲ್ಲಿದೆ. ಎಡಬಲ ಹೆಣೆದು ಸುತ್ತಿದೆ. ತುದಿಯನ್ನು ಕೊನೆಯ ಸುತ್ತಿನಡಿ ಸಿಕ್ಕಿಸಿದೆ.

ಮೇಲೆ ಹೋಗಿ ವಿನ್ಯಾಸಕಿಯನ್ನು ಕೇಳಿದಳು.

"ನಾನು ಮುಟ್ಟಿಲ್ಲ," ಎಂದಳು ಆಕೆ. "ಚಿಲಕ ಇಲ್ಲ ಅಂತ ಗೊತ್ತಾದ ಮೇಲೆ ನನಗೆ ಕಿಟಕಿ ಕಡೆ ನೋಡೋಕೂ ಆಗಿಲ್ಲ."

ಕಿಟಕಿಯಾಚೆ ಎದುರಿನ ಗೋಪುರದ ಮೇಲಿಂದ ಹಗ್ಗದ ತೊಟ್ಟಿಲಿನಲ್ಲಿ ಇಬ್ಬರು ಇಳಿಯುತ್ತ ಗಾಜು ತೊಳೆಯುತ್ತಿದ್ದರು. ಕಚೇರಿಗಳಿಗೆ ರಜೆ, ಗಾಜಿಗೆ ಸ್ನಾನ. ಪಟ್ಟಿಯಮ್ಮ ಅವರನ್ನೇ ನೋಡುತ್ತ ನಿಂತಳು. ಆಮೇಲೆ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳು.

*

ಗಾಜು ತೊಳೆಯುವವರು ನೆಲಕ್ಕಿಳಿದು ಕಾಫಿ ಕುಡಿಯುತ್ತಿದ್ದರು.

"ಅಣ್ಣ, ಹತ್ತು ಗಂಟೆ ಹೊತ್ತಿಗೆ ನೀವು ಎಷ್ಟನೇ ಮಹಡೀಲಿ ಇದ್ರಿ?"

"ಅಲ್ಲೇ, ನಿಮ್ಮ ಹೋಟೆಲಿನ ಏಳನೇ ಮಹಡಿಗೆ ಎದುರು. ಏನು, ಯಾರಾದ್ರೂ ದೂರು ಕೊಟ್ರಾ? ನಾವು ಯಾರ ಕೋಣೆನೂ ನೋಡಲ್ಲಮ್ಮ. ನೋಡೋಕೆ ಬಿಡೋದೂ ಇಲ್ಲ ಜನ. ನಮ್ಮನ್ನ ಕಂಡ ಕೂಡಲೇ ಪರದೆ ಇಳಿಸ್ತಾರೆ."

"ಇವತ್ತು ಯಾರಾದರೂ ಇಳಿಸಿದ್ರಾ?"

ಇಬ್ಬರೂ ಮುಖಮುಖ ನೋಡಿಕೊಂಡು ನಕ್ಕರು. "ಒಬ್ಬರು. ಆ ಮೂಲೆಯಿಂದ ನಾಲ್ಕನೇ ಕಿಟಕಿ. ದಡಾರಂತ ಇಳಿಸಿದ್ರು. ಹತ್ತು ನಿಮಿಷ ಆದ ಮೇಲೆ ನಾವು ಒಂದು ಮಹಡಿ ಕೆಳಗೆ ಬಂದ್ವಿ ನೋಡಿ, ಮತ್ತೆ ಎತ್ತಿದ್ರು. ನಮಗೇ ನಾಚಿಕೆ ಆಯ್ತು."

"ಮುಖ ಕಾಣ್ತಾ?"

"ಪರದೆ ಕಂಡ್ವಿ. ಕೈ ಕಂಡ್ವಿ."

ನಾಲ್ಕನೇ ಕಿಟಕಿ ಹದಿನಾಲ್ಕನೆಯದು. ಪಟ್ಟಿಯಮ್ಮ ಸ್ವಾಗತದ ಹುಡುಗಿಯ ಬಳಿಗೆ ಹೋಗಿ ಇನ್ನೊಂದು ಬೀಗದ ದಾಖಲೆ ಕೇಳಿದಳು. ಈ ಸಲ ಹದಿನಾಲ್ಕರದಲ್ಲ.

ದಾಖಲೆ ಓದಿದ ಆಕೆಯ ಮುಖ ಬಾಡಿತು. ಗೆದ್ದವರ ಮುಖವಲ್ಲ ಅದು.

"ಸಿಕ್ಕಿದನಾ?" ಎಂದಳು ಅತ್ತೆ.

"ಸಿಕ್ಕಿದ ಅತ್ತೆ. ಸಿಗಬಾರದಿತ್ತು."

*

ಒಂದೂವರೆಗೆ ಎಲ್ಲರೂ ಹದಿನಾಲ್ಕನೇ ಕೋಣೆಯಲ್ಲಿ ಸೇರಿದರು. ಮ್ಯಾನೇಜರು, ವಿನ್ಯಾಸಕಿ, ಆಕೆಯ ಮಗಳು, ಮೇಷ್ಟ್ರು, ಬಾಗಿಲ ಬಳಿ ಗುಬ್ಬಿ. ಅತ್ತೆಗೆ ಮಂಚದ ಅಂಚು.

ಪಟ್ಟಿಯಮ್ಮ ಮೊದಲು ಕಿಟಕಿಯ ಪರದೆ ಇಳಿಸಿದಳು. "ಬಿಸಿಲು ಕಣ್ಣಿಗೆ ಹೊಡೆಯುತ್ತೆ," ಎಂದು ದಾರವನ್ನು ಹಾಗೆಯೇ ಬಿಟ್ಟು ಬಂದಳು. ಬಳಿಕ ನಿಧಾನವಾಗಿ ಮಾತಿಗಾರಂಭಿಸಿದಳು. ಬೀಗದ ದಾಖಲೆಯ ವಿಷಯ ಹೇಳಿದಳು. ಟೈ ಸಾಹೇಬನ ದಿಂಬಿನ ವಿಷಯ ಹೇಳಿದಳು. ಗುಬ್ಬಿಯ ಮೇಲೆ ಸಂಶಯ ಸಹಜವೆಂದಳು. ಯಾವ ಅವಸರವೂ ಇಲ್ಲದೆ, ಕೇಳುವವರಿಗೆ ಆಕಳಿಕೆ ಬರುವಷ್ಟು ಎಳೆದಳು.

ಮಗುವಿಗೆ ಬೇಸರವಾಯಿತು. ನೆಲದ ಮೇಲೆ ತೆವಳುತ್ತ ಕಿಟಕಿಯ ಕಡೆ ಸಾಗಿತು. ತೂಗಾಡುವ ದಾರಕ್ಕೆ ಕೈ ಚಾಚಿತು.

ಮೇಷ್ಟ್ರು ಮಾತು ಕೇಳುತ್ತಲೇ ಇದ್ದ. ಕಣ್ಣು ಪಟ್ಟಿಯಮ್ಮನ ಮೇಲೇ ಇತ್ತು. ಆದರೆ ಅವನ ಕಾಲು ಎರಡು ಹೆಜ್ಜೆ ಸರಿಯಿತು. ಉದ್ದ ಕೈ ಮೇಲೆ ಹೋಯಿತು. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು. ತುದಿ ಕೊನೆಯ ಸುತ್ತಿನಡಿ.

ಪಟ್ಟಿಯಮ್ಮ ಮಾತು ನಿಲ್ಲಿಸಿದಳು.

ಮೌನ ಬಿದ್ದಾಗಲೇ ಮೇಷ್ಟ್ರಿಗೆ ತನ್ನ ಕೈ ಎಲ್ಲಿದೆ ಎಂಬುದು ತಿಳಿದದ್ದು. ಅದನ್ನು ಕೆಳಗಿಳಿಸಿದ. ಎಲ್ಲಿಡಬೇಕೆಂದು ತೋಚಲಿಲ್ಲ.

"ಬೆಳಗ್ಗೆಯೂ ಹೀಗೇ ಆಯಿತು, ಅಲ್ಲವಾ ಮೇಷ್ಟ್ರೇ?" ಎಂದಳು ಪಟ್ಟಿಯಮ್ಮ. "ಕದಿಯಲು ಬಂದಾಗಲೂ ನಿಮ್ಮ ಕೈಗೆ ಮಗುವಿನ ಕೊರಳೇ ನೆನಪಾಯಿತು."

"ಏನು ಹೇಳ್ತಿದ್ದೀರಿ ಮೇಡಂ?" ಎಂದ ಮ್ಯಾನೇಜರು. "ದಾಖಲೆಯಲ್ಲಿ ಇವರ ಕಾರ್ಡೇ ಇಲ್ಲ!"

"ಹದಿನಾಲ್ಕರ ದಾಖಲೆಯಲ್ಲಿ ಇಲ್ಲ. ನೀವು ಅದೊಂದನ್ನೇ ನೋಡಿದ್ರಿ. ಹದಿನೈದರದ್ದು ನೋಡಿ. ಹತ್ತೂ ಹತ್ತಕ್ಕೆ ಇವರು ಒಳಗೆ ಹೋಗಿದ್ದಾರೆ. ಮಧ್ಯಾಹ್ನ ಬರುವವರಿಗೆ ಕೋಣೆ ಸಜ್ಜು ಮಾಡೋಕೆ, ಸರಿ. ಆದರೆ ಹತ್ತೂ ಇಪ್ಪತ್ತೆಂಟಕ್ಕೆ ಮತ್ತೆ ಕಾರ್ಡು ತಾಗಿಸಿ ಒಳಗೆ ಹೋಗಿದ್ದಾರೆ. ಒಳಗೇ ಇದ್ದವರು ಮತ್ತೆ ಒಳಗೆ ಹೇಗೆ ಹೋಗ್ತಾರೆ?"

"ನಡುವೆ ಹೊರಗೆ ಬಂದಿರಬಹುದು."

"ಬಂದರು. ಹದಿನಾಲ್ಕರ ಬಾಗಿಲಿಂದ ಬಂದರು. ಬೀಗ ಒಳಗೆ ಹೋದವರನ್ನ ಬರೆದಿಡುತ್ತೆ, ಹೊರಗೆ ಬಂದವರನ್ನಲ್ಲ. ನಿನ್ನೆ ಸಂಜೆ ಈ ಕೋಣೆಗೆ ಮಗುವಿನ ಮಂಚ ಹಾಕೋಕೆ ಬಂದಾಗ ಇವರು ನಡುಬಾಗಿಲ ಬೋಲ್ಟು ತೆಗೆದು ಮೇಲೆ ಟೋಪಿ ಮುಚ್ಚಿದರು. ಟೋಪಿ ಇದ್ದರೆ ಬೋಲ್ಟು ಹಾಕಿದೆಯೋ ಇಲ್ಲವೋ ಕಾಣೋಲ್ಲ. ಇವತ್ತು ಹದಿನೈದರಿಂದ ನಡುಬಾಗಿಲು ದಾಟಿ ಬಂದರು. ಎದುರಿಗೆ ಗಾಜು ತೊಳೆಯೋರು! ಪರದೆ ಇಳಿಸಿದರು. ಬೋಲ್ಟನ್ನ ಈ ಕಡೆಯಿಂದ ಹಾಕಿದರು, ಆ ಬಾಗಿಲ ಯೋಚನೆಯೇ ಯಾರಿಗೂ ಬರಬಾರದು ಅಂತ. ಚಿಲಕ ತಗೊಂಡರು. ಗಾಜಿನವರು ಕೆಳಗಿಳಿಯೋ ತನಕ ಕಾದು ಪರದೆ ಎತ್ತಿದರು. ದಾರ ಸುತ್ತಿದರು. ಮುಂಬಾಗಿಲಿಂದ ಹೊರಗೆ ಬಂದು, ಪಕ್ಕದ ಕೋಣೆಯಲ್ಲಿ ಬಿಟ್ಟ ಸಲಕರಣೆ ಚೀಲಕ್ಕಾಗಿ ಮತ್ತೆ ಹದಿನೈದಕ್ಕೆ ಹೋದರು. ಗುಬ್ಬಿ ದಾರವನ್ನ ಸೋಫಾದ ಹಿಂದೆ ಬಿಟ್ಟಿದ್ದಳು. ಆ ಕೊಕ್ಕೆ ಅವಳಿಗೆ ಎಟುಕೋಲ್ಲ. ಎಟುಕುವವರು ಹಲವರು ಇರಬಹುದು. ಕದ್ದು ಓಡೋ ಹೊತ್ತಲ್ಲೂ ನಿಂತು ಅದನ್ನ ಸುತ್ತುವವರು ಒಬ್ಬರೇ."

ಮೇಷ್ಟ್ರು ವಾದಿಸಲಿಲ್ಲ. ಹೊರಗೆ ಹೋಗಿ ತನ್ನ ಚೀಲ ತಂದು, ಬಟ್ಟೆಯಲ್ಲಿ ಸುತ್ತಿದ ಚಿಲಕವನ್ನು ಮೇಜಿನ ಮೇಲಿಟ್ಟ.

"ಯಾಕೆ?" ಎಂದಳು ವಿನ್ಯಾಸಕಿ. ಧ್ವನಿ ಗಟ್ಟಿಯಾಗಿರಲಿಲ್ಲ.

"ಹೋದ ವರ್ಷ ಒಂಬತ್ತನೇ ಕೋಣೇಲಿ ನೀವು ಇದ್ರಿ. ಕಿಟಕಿಗೆ ತಂತಿ ಬಗ್ಗಿಸಿ ಮಾಡಿದ ಚಿಲಕ ಇತ್ತು."

ಆಕೆ ಕಣ್ಣು ತಗ್ಗಿಸಿದಳು. "ಇತ್ತು. ಫೋಟೊ ತೆಗೆದುಕೊಂಡೆ. ಹೋಟೆಲಿನವರು ಎಲ್ಲೋ ಕೊಂಡು ತಂದಿದ್ದು ಅಂದುಕೊಂಡೆ. ಯಾರು ಮಾಡಿದ್ದು ಅಂತ ಕೇಳಲಿಲ್ಲ." ಆಮೇಲೆ ಸೇರಿಸಿದಳು: "ಕೇಳಬಾರದು ಅಂತಲೇ ಕೇಳಲಿಲ್ಲವೇನೋ."

"ಎರಡು ವರ್ಷ ಕೂತು ಮಾಡಿದ್ದೆ. ನೋಡೋಕೆ ಚೆನ್ನಾಗಿಲ್ಲ ಅಂತ ಇವರು ಎಲ್ಲಾನೂ ಕೀಳಿಸಿ ಕಸಕ್ಕೆ ಹಾಕಿಸಿದರು." ಮೇಷ್ಟ್ರು ಮ್ಯಾನೇಜರ ಕಡೆ ನೋಡಲೂ ಇಲ್ಲ. "ನಿನ್ನೆ ಸಂಜೆ ಮಂಚ ಹಾಕ್ತಿದ್ದಾಗ ನೀವು ಡಬ್ಬಿ ತೆಗೆದು ತೋರಿಸಿದ್ರಿ. ನನ್ನದೇ ಕೂಸು, ಬೇರೆಯವರ ಅಂಗಿ ಹಾಕ್ಕೊಂಡು ಬಂದ ಹಾಗಿತ್ತು."

ವಿನ್ಯಾಸಕಿ ಚಿಲಕವನ್ನು ಕೈಗೆತ್ತಿಕೊಂಡಳು. ಒತ್ತಿದಳು. ಅದು ಮಿದುವಾಗಿ ಬಿಚ್ಚಿಕೊಂಡಿತು. ಆಕೆ ಬೆರಗಾಗಿ ಮತ್ತೆ ಒತ್ತಿದಳು. "ಇದು ಸಿಕ್ಕಿಕೊಳ್ತಾ ಇತ್ತು. ತಿಂಗಳಿಂದ ಒದ್ದಾಡಿದ್ದೆ."

"ಸ್ಪ್ರಿಂಗು ಅರ್ಧ ಸುತ್ತು ಹೆಚ್ಚಾಗಿತ್ತು. ಬಿಚ್ಚಿ ಸರಿಮಾಡಿದೆ." ಮೇಷ್ಟ್ರ ಮುಖದಲ್ಲಿ ಒಂದು ಕ್ಷಣ ಹಳೆಯ ಮೇಷ್ಟ್ರು ಸುಳಿದ. "ಮಗುವಿನ ಬೆರಳು ಸಿಕ್ಕರೆ ಬಿಡ್ತಿರಲಿಲ್ಲ ಅದು."

ಬಾಗಿಲ ಬಳಿಯಿಂದ ಗುಬ್ಬಿ ಮಾತಾಡಿದಳು.

"ಅದು ನಿಮ್ಮದೇ ಇರಲಿ ಮೇಷ್ಟ್ರೇ. ನೀವು ತಗೊಂಡದ್ದು ತಪ್ಪೋ ಸರಿಯೋ, ಓದಿದವರು ಹೇಳಲಿ. ಕೆಳಗೆ ನನ್ನ ಚೀಲ ಕವುಚಿದರಲ್ಲ, ಆಗ ನೀವು ಎಲ್ಲಿದ್ರಿ?"

ಮೇಷ್ಟ್ರು ಅವಳ ಕಡೆ ತಿರುಗಿದ. "ಅಲ್ಲೇ ಇದ್ದೆ. ನಿನ್ನ ಹಿಂದೆ."

ಅವನು ಕುಸಿದು ಕುಳಿತದ್ದು ಆಗ. ಸಿಕ್ಕಿಬಿದ್ದಾಗ ಅಲ್ಲ.

*

ವಿನ್ಯಾಸಕಿ ದೂರು ಬೇಡವೆಂದಳು. ಸೋಮವಾರ ಎದುರಿನ ಗೋಪುರಕ್ಕೆ ಹೋಗುವ ಮುನ್ನ ಇದು ಯಾರ ಚಿಲಕವೆಂದು ತಾನೇ ತೀರ್ಮಾನಿಸಬೇಕಿದೆ ಎಂದಷ್ಟೇ ಹೇಳಿ ಮಗಳನ್ನು ಎತ್ತಿಕೊಂಡಳು. ಮೇಷ್ಟ್ರು ತನ್ನ ಕಾರ್ಡನ್ನು ಮೇಜಿನ ಮೇಲಿಟ್ಟು, ಯಾರೂ ಹೇಳುವ ಮೊದಲೇ ಹೊರಟುಹೋದ.

ಮ್ಯಾನೇಜರು ಬೆವರೊರೆಸಿಕೊಂಡ. "ಅಂತೂ ಬಗೆಹರಿಯಿತು. ಮೇಡಂ, ಪಟ್ಟಿಯಲ್ಲಿ ನಾವು... ಅಂದರೆ, ಕೋಣೆಗಳೆಲ್ಲ ಸರಿಯಾಗಿವೆಯಲ್ಲ?"

"ಕೋಣೆಗಳು ಸರಿಯಾಗಿವೆ," ಎಂದಳು ಪಟ್ಟಿಯಮ್ಮ. ಕಾಗದವನ್ನು ನಾಲ್ಕಾಗಿ ಮಡಚಿದಳು. "ಆದರೆ ನೋಡಿ, ಒಂದು ವಸ್ತು ಕಾಣೆಯಾಯಿತು. ಹತ್ತು ನಿಮಿಷದಲ್ಲಿ ಯಾರ ಮೇಲೆ ಹಾಕಬೇಕು ಅನ್ನೋದನ್ನ ಹುಡುಕಿದ್ರಿ. ವಸ್ತುವನ್ನ ಯಾರೂ ಹುಡುಕಲಿಲ್ಲ. ನಾಳೆ ಇಲ್ಲಿ ಒಂದು ಮಗು ಕಾಣೆಯಾದರೆ ನೀವು ಮೊದಲು ಏನು ಹುಡುಕ್ತೀರಿ ಅಂತ ನನ್ನ ಓದುಗರು ಕೇಳ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಈ ವರ್ಷ ಬೇಡ."

ಮ್ಯಾನೇಜರು ಅತ್ತೆಯ ಮುಖ ನೋಡಿದ. ಕೊನೆಗೆ ಜೇಬಿನಿಂದ ಕಾರ್ಡು ತೆಗೆದು ಗುಬ್ಬಿಯ ಕಡೆ ಚಾಚಿದ.

"ಸರಿ, ತಗೋ. ಕೆಲಸಕ್ಕೆ ಹೋಗು. ಇನ್ನೂ ಆರು ಕೋಣೆ ಬಾಕಿ ಇವೆ."

ಗುಬ್ಬಿ ಕಾರ್ಡಿಗೆ ಕೈ ಚಾಚಲಿಲ್ಲ.

"ಮಾಡ್ತೀನಿ ಸಾರ್. ಮೊದಲು ನೀವು ಕೆಳಗೆ ಹೋಗಿ. ಬೆಳಗ್ಗೆ ಯಾರು ಯಾರು ನಿಂತು ನೋಡಿದ್ರೋ, ಸ್ವಾಗತದವರು, ಬಾಗಿಲು ಕಾಯುವವರು, ಅಡುಗೆಯವರು, ಎಲ್ಲರಿಗೂ ಗುಬ್ಬಿ ಕದ್ದಿಲ್ಲ ಅಂತ ನೀವೇ ಬಾಯಿಬಿಟ್ಟು ಹೇಳಿ ಬನ್ನಿ. ನಾನು ಕಾಯ್ತೀನಿ."

ಹಾಗೆಂದು ಆಕೆ ಕಿಟಕಿಯ ಪಕ್ಕ, ಅತಿಥಿಗಳಿಗೆಂದು ಇಟ್ಟಿದ್ದ ದೊಡ್ಡ ಕುರ್ಚಿಯಲ್ಲಿ ಕುಳಿತಳು. ನಾಲ್ಕು ವರ್ಷ ದಿನವೂ ಒರೆಸಿದ್ದ ಕುರ್ಚಿ. ಕುಳಿತದ್ದು ಅಂದೇ ಮೊದಲು. ಪಾದಗಳು ನೆಲಕ್ಕೆ ತಾಗುತ್ತಿರಲಿಲ್ಲ.

ಮ್ಯಾನೇಜರು ಕಾರ್ಡನ್ನು ಮೇಜಿನ ಮೇಲಿಟ್ಟ. ಆಮೇಲೆ ಲಿಫ್ಟಿನ ಕಡೆ ನಡೆದ.